ಎನ್‌ಎಫ್‌ಎಲ್ ಸಹಾಯಕ ಕೋಚ್ ಆಗೋದಾ, ಕಾಲೇಜು ತಂಡಕ್ಕೆ ಹೋಗೋದಾ?

ಅಮೆರಿಕನ್ ಫುಟ್‌ಬಾಲ್ ಕೋಚಿಂಗ್‌ಗೆ ಇಳಿಯುವವರ ಮುಂದೆ ಎರಡು ದೊಡ್ಡ ದಾರಿಗಳಿವೆ: ಕಾಲೇಜು ತಂಡ, ಇಲ್ಲವೇ ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್. ಮಾತಿನಲ್ಲೇ ಜನರನ್ನು ಒಲಿಸಬಲ್ಲವರಿಗೆ ಕಾಲೇಜು ವಾಸಿ. ಆಟದ ಹುಚ್ಚಷ್ಟೇ ಇದ್ದರೆ ಎನ್‌ಎಫ್‌ಎಲ್ ಅಂತೀನಿ.

ಕಾಲೇಜಿನಲ್ಲಿ ಹುಡುಗರನ್ನು ಹುಡುಕಿ ತರುವುದೇ ದೊಡ್ಡ ಕೆಲಸ. ಹೈಸ್ಕೂಲ್ ಆಟಗಾರನ ಮನೆಗೆ ಹೋಗಬೇಕು, ಅಪ್ಪ ಅಮ್ಮನನ್ನು ಒಪ್ಪಿಸಬೇಕು. ಅಷ್ಟು ಕಷ್ಟಪಟ್ಟು ತಂದವನು ಮರುವರ್ಷವೇ ಬೇರೆ ಕಾಲೇಜಿಗೆ ಹಾರಬಹುದು. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡಬಹುದು, ಹಾಗಾಗಿ ಎಳೆದಾಟ ಇನ್ನೂ ಜಾಸ್ತಿ.

ಎನ್‌ಎಫ್‌ಎಲ್‌ನಲ್ಲಿ ಈ ತಲೆನೋವಿಲ್ಲ. ಆಟಗಾರರು ಡ್ರಾಫ್ಟ್‌ನಿಂದಲೋ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಪದ್ಧತಿ) ಒಪ್ಪಂದದಿಂದಲೋ ಬರುತ್ತಾರೆ. ಆದರೆ ಹೊಸಬರಿಗೆ ಸಿಗುವುದು ಹೆಚ್ಚಾಗಿ ‘ಕ್ವಾಲಿಟಿ ಕಂಟ್ರೋಲ್’ ಕೆಲಸ. ಎದುರಾಳಿಯ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಎಷ್ಟನೇ ಡೌನ್ (ಚೆಂಡನ್ನು ಮುಂದೊಯ್ಯುವ ಪ್ರಯತ್ನ), ಇನ್ನೆಷ್ಟು ಯಾರ್ಡ್ ಬಾಕಿ, ಯಾರು ಎಲ್ಲಿ ನಿಂತಿದ್ದರು, ಎಲ್ಲವನ್ನೂ ಬರೆದಿಡಬೇಕು. ಟಿವಿಯಲ್ಲಿ ನಿಮ್ಮ ಮುಖ ಕಾಣಲ್ಲ ಬಿಡಿ! ಆದರೂ ಈ ಕಡೆಗೆ ಸೆಳೆತವಿದೆ. 2024ರಲ್ಲಿ ಜೆಫ್ ಹಾಫ್ಲಿ ಬಾಸ್ಟನ್ ಕಾಲೇಜಿನ ಮುಖ್ಯ ಕೋಚ್ ಹುದ್ದೆಯನ್ನೇ ಬಿಟ್ಟು, ಎನ್‌ಎಫ್‌ಎಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಡಿಫೆನ್ಸಿವ್ ಕೋಆರ್ಡಿನೇಟರ್ (ರಕ್ಷಣಾ ವಿಭಾಗ ನೋಡಿಕೊಳ್ಳುವ ಸಹಾಯಕ ಕೋಚ್) ಆಗಿ ಬಂದರು.

ಭದ್ರತೆ ಎರಡೂ ಕಡೆ ಅಷ್ಟಕ್ಕಷ್ಟೇ. ಮುಖ್ಯ ಕೋಚ್ ಹೋದರೆ ಸಹಾಯಕರೂ ಸಾಮಾನ್ಯವಾಗಿ ಗಂಟುಮೂಟೆ ಕಟ್ಟಬೇಕು. ಎನ್‌ಎಫ್‌ಎಲ್‌ನಲ್ಲಿ ಇರುವುದೇ 32 ತಂಡ, ಇನ್ನೊಂದು ಕೆಲಸ ಸಿಗುವುದು ಸುಲಭವಲ್ಲ. ಪೇಟ್ರಿಯಟ್ಸ್ ತಂಡದಲ್ಲಿ ದಶಕಗಟ್ಟಲೆ ಸಹಾಯಕ ಕೋಚ್ ಆಗಿ ಉಳಿದ ಡಾಂಟೆ ಸ್ಕಾರ್ನೆಕಿಯಾ ಅಂಥವರು ಅಪರೂಪ. ಆಫರ್ ಬಂದಾಗ ಸಂಬಳದ ಜೊತೆಗೆ, ಮುಖ್ಯ ಕೋಚ್‌ನ ಒಪ್ಪಂದ ಇನ್ನೆಷ್ಟು ವರ್ಷ ಇದೆ ಅಂತಲೂ ಕೇಳಿ.