ವಿಷ ತೆಗೆಯುವುದನ್ನು ಕಣ್ಣಾರೆ ನೋಡಿದೆ: ವಡನೆಮ್ಮೇಲಿಯ ಇರುಳರ ಸೊಸೈಟಿ

ಚೆನ್ನೈನಿಂದ ಮಹಾಬಲಿಪುರದ ದಾರಿಯಲ್ಲಿ, ಮೊಸಳೆ ಪಾರ್ಕಿನ ಆವರಣದಲ್ಲೇ ಇದೆ ಈ ಜಾಗ. ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘ, 1978ರದ್ದು. ಬಟ್ಟೆ ಕಟ್ಟಿದ ಮಣ್ಣಿನ ಮಡಕೆಗಳ ಸಾಲು. ಒಳಗೆ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ.

ಕೊಳಕುಮಂಡಲದ ಸರದಿ ಬಂದಾಗ ನನ್ನ ಕೈ ತಣ್ಣಗಾಯಿತು. ಅಪ್ಪನಿಗೆ ತೋಟದಲ್ಲಿ ಕಚ್ಚಿದ್ದು ಅದೇ. ಅವತ್ತು ಮೊದಲು ಹೋದ ಆಸ್ಪತ್ರೆಯಲ್ಲಿ ಔಷಧವೇ ಇರಲಿಲ್ಲ. ಇಲ್ಲಿ ಒಬ್ಬರು ಅದರ ತಲೆ ಹಿಡಿದು, ಬಾಯಿಗೆ ತೆಳ್ಳನೆ ಹಾಳೆ ಬಿಗಿದ ಗಾಜಿನ ಪಾತ್ರೆಗೆ ಕಚ್ಚಿಸಿದರು. ಬಿದ್ದದ್ದು ಬರೀ ಕೆಲವು ಹನಿ! ಅದನ್ನು ಒಣಗಿಸಿ ಪುಡಿ ಮಾಡಿ ಔಷಧ ಕಂಪನಿಗಳಿಗೆ ಮಾರುತ್ತಾರೆ. ಅಲ್ಲಿ ಕುದುರೆಗೆ ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ರಕ್ತದಿಂದ ಪ್ರತಿವಿಷ ತಯಾರಿಸುತ್ತಾರೆ. ಇಲಿಗಳ ಮೇಲೆ ಪರೀಕ್ಷೆಯಾಗಿಯೇ ಸೀಸೆ ಹೊರಬರುವುದು.

ಕೆಲವು ವಾರಗಳಾದ ಮೇಲೆ ಹಾವನ್ನು ಕಾಡಿಗೆ ಬಿಡುತ್ತಾರಂತೆ. ಹೊಟ್ಟೆಯ ಹುರುಪೆಗೆ ಗುರುತು ಹಾಕಿ, ಮತ್ತೆ ಅದನ್ನೇ ಹಿಡಿಯದಿರಲಿ ಅಂತ. ಇದು ನನಗೆ ಜಾಸ್ತಿ ಇಷ್ಟವಾಯಿತು.

ಒಂದು ಮಾತು ಮಲೆನಾಡಿನವರಿಗೆ: ಈ ಔಷಧ ಆ ನಾಲ್ಕು ಹಾವಿಗೆ ಮಾತ್ರ. ನಮ್ಮ ಕಾಫಿ, ಅಡಿಕೆ ತೋಟದ ಗುಳಿಮಂಡಲ ಹಾವುಗಳಿಗೆ ಇನ್ನೂ ಬೇರೆ ಔಷಧ ಬರಬೇಕು.

ಟೋಪಿ ಒಯ್ಯಿರಿ, ಬಿಸಿಲು ಸುಮ್ನೆ ಬಿಡಲ್ಲ. ಐದಕ್ಕೆ ಐದು.