ಇಂಟರ್‌ಲಾಕ್ ಬೇಗ ತೆಗೆಸಲು ಹೋಗಬೇಡಿ: ವಾಷಿಂಗ್ಟನ್ ರಾಜ್ಯದ ಕನ್ನಡಿಗರಿಗೆ ಒಂದು ಎಚ್ಚರಿಕೆ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದು, ಕಾರಿಗೆ ಇಗ್ನಿಷನ್ ಇಂಟರ್‌ಲಾಕ್, ಅಂದರೆ ಉಸಿರಿನಲ್ಲಿ ಮದ್ಯವಿದ್ದರೆ ಕಾರು ಸ್ಟಾರ್ಟ್ ಆಗದಂತೆ ತಡೆಯುವ ಯಂತ್ರ, ಹಾಕಿಸಿಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಪೆಟ್ಟಿಗೆಯನ್ನು ಎರಡು ಮೂರು ತಿಂಗಳು ಮೊದಲೇ ತೆಗೆಸಿಬಿಡಬೇಕೆಂದು ನಾನು ಮಾಡಿದ ಪ್ರಯತ್ನದಿಂದ, 2024ರ ಆಗಸ್ಟಿನಲ್ಲಿ ತಾನಾಗಿಯೇ ಮುಗಿಯಬೇಕಾಗಿದ್ದ ನಿರ್ಬಂಧ 2025ರ ಮಾರ್ಚಿನವರೆಗೆ ಎಳೆಯಿತು. ಅದರ ಜೊತೆಗೆ ನನ್ನ ಮೇಲೆ ಎರಡು ಹೊಸ ಆರೋಪಗಳೂ ಬಂದವು. ಬೆಲ್ಲೆವ್ಯೂ, ರೆಡ್ಮಂಡ್, ಬಾಥೆಲ್ ಕಡೆಯ ನಮ್ಮವರ ನಡುವೆ ಈ ವಿಷಯವನ್ನು ಯಾರೂ ಬಾಯಿಬಿಟ್ಟು ಮಾತನಾಡುವುದಿಲ್ಲ. ನಾಚಿಕೆಯಿಂದ ಮುಚ್ಚಿಟ್ಟುಕೊಂಡು, ಅರೆಬರೆ ಮಾಹಿತಿ ಕೊಡುವವರ ಕೈಗೆ ಸಿಕ್ಕಿಬೀಳುತ್ತೇವೆ. ನಾನು ಸಿಕ್ಕಿಬಿದ್ದದ್ದು ಹಾಗೆಯೇ.

ಕುಡಿದು ಓಡಿಸಿದ್ದು ನನ್ನದೇ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಸ್ನೇಹಿತರ ಮನೆಯ ಊಟ ಮುಗಿಸಿ, ಮನೆ ನಾಲ್ಕೇ ಮೈಲಿ ದೂರವೆಂದು ಹೊರಟವನನ್ನು ಪೊಲೀಸರು ತಡೆದಾಗ ನನ್ನ ಉಸಿರಿನಲ್ಲಿದ್ದ ಮದ್ಯದ ಪ್ರಮಾಣ ಇಲ್ಲಿಯ ಮಿತಿಯಾದ 0.08ನ್ನು ದಾಟಿತ್ತು. ಆ ರಾತ್ರಿ ರಸ್ತೆಯಲ್ಲಿ ಯಾರಿಗೂ ಏನೂ ಆಗಲಿಲ್ಲವೆಂಬುದು ನನ್ನ ಪುಣ್ಯವೇ ಹೊರತು ನನ್ನ ಜಾಣತನವಲ್ಲ. ಮೊದಲ ಅಪರಾಧವಾದ್ದರಿಂದ ಒಂದು ವರ್ಷದ ಇಂಟರ್‌ಲಾಕ್ ನಿರ್ಬಂಧ ಬಿತ್ತು. ಎರಡನೆಯ ಸಲವಾದರೆ ಅದು 5 ವರ್ಷ, ಮೂರನೆಯ ಸಲವಾದರೆ 10 ವರ್ಷ. 2023ರ ಜೂನ್ ತಿಂಗಳಲ್ಲಿ ನನ್ನ ಕಾರಿಗೆ ಆ ಯಂತ್ರ ಕೂಡಿಸಲಾಯಿತು.

ಅದನ್ನು ಕಂಡಿಲ್ಲದವರಿಗಾಗಿ ಹೇಳುವುದಾದರೆ, ಮೊಬೈಲ್ ಫೋನಿನಷ್ಟು ದೊಡ್ಡದಾದ ಒಂದು ಉಪಕರಣವನ್ನು ಸುರುಳಿ ತಂತಿಯಿಂದ ಕಾರಿನ ಸ್ಟಾರ್ಟರ್ ವ್ಯವಸ್ಥೆಗೆ ಜೋಡಿಸಿರುತ್ತಾರೆ. ಅದಕ್ಕೆ ಊದಿ, ಉಸಿರಿನಲ್ಲಿ ಮದ್ಯವಿಲ್ಲವೆಂದು ತೋರಿಸದೆ ಕಾರು ಸ್ಟಾರ್ಟ್ ಆಗುವುದಿಲ್ಲ. ಒಳಗಿನ ಫ್ಯೂಯಲ್ ಸೆಲ್‌ನಲ್ಲಿ ಪ್ಲಾಟಿನಂ ಪದರದ ಮೇಲೆ ಮದ್ಯದ ಅಂಶ ಉತ್ಕರ್ಷಣಗೊಂಡು ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆ ಪ್ರವಾಹ ಎಷ್ಟೆಂಬುದರ ಮೇಲೆ ಯಂತ್ರ ಅಂಕಿಯನ್ನು ತೋರಿಸುತ್ತದೆ. ಊದುವವರ ಮುಖವನ್ನು ಒಂದು ಕ್ಯಾಮೆರಾ ಪ್ರತಿ ಸಲವೂ ಸೆರೆಹಿಡಿಯುತ್ತದೆ. ಕಾರು ಓಡುತ್ತಿರುವಾಗಲೂ ಆಗಾಗ ಬೀಪ್ ಶಬ್ದ ಮಾಡಿ ಮತ್ತೆ ಊದಬೇಕೆಂದು ಕೇಳುತ್ತದೆ. ಪ್ರತಿಯೊಂದು ಊದು, ಪ್ರತಿಯೊಂದು ತಪ್ಪಿದ ಪರೀಕ್ಷೆ ಅದರ ನೆನಪಿನಲ್ಲಿ ದಾಖಲಾಗಿ, ಎರಡು ತಿಂಗಳಿಗೊಮ್ಮೆ ನಾನು ಸರ್ವಿಸಿಗೆ ಹೋದಾಗ ಅಲ್ಲಿಂದ ಇಳಿಸಿಕೊಳ್ಳಲ್ಪಡುತ್ತಿತ್ತು. ಇದರ ಬಾಡಿಗೆ, ಸರ್ವಿಸ್ ಎಲ್ಲವೂ ನಮ್ಮದೇ ಖರ್ಚು. ನನಗೆ ತಿಂಗಳಿಗೆ ನೂರು ಡಾಲರಿಗಿಂತ ಹೆಚ್ಚೇ ಆಗುತ್ತಿತ್ತು. ಆದರೆ ಹಣಕ್ಕಿಂತ ಹೆಚ್ಚಾಗಿ ಕಾಡಿದ್ದು, ಮಗಳನ್ನು ಶಾಲೆಗೆ ಬಿಡುವಾಗ ಬೇರೆ ಪೋಷಕರ ಎದುರು ಅದಕ್ಕೆ ಊದಬೇಕಾದ ಸಂಕಟ. ಬೇಗ ತೆಗೆಸಬೇಕೆಂಬ ಆತುರ ಹುಟ್ಟಿದ್ದೇ ಅಲ್ಲಿಂದ.

ಈ ರಾಜ್ಯದ ಕಾನೂನಿನಲ್ಲಿರುವ ಒಂದು ಅಂಶವನ್ನು ನಾನು ಓದಿಯೇ ಇರಲಿಲ್ಲ. ಒಂದು ವರ್ಷ ಎಂದರೆ ಕ್ಯಾಲೆಂಡರಿನ ಒಂದು ವರ್ಷವಷ್ಟೇ ಅಲ್ಲ. ಆ ಅವಧಿ ಮುಗಿಯುವ ಹೊತ್ತಿಗೆ, ಹಿಂದಿನ 180 ದಿನಗಳು ಒಂದೇ ಸಮನೆ, ನಡುವೆ ಒಂದೂ ಉಲ್ಲಂಘನೆಯಿಲ್ಲದೆ ಕಳೆದಿವೆಯೆಂದು ಯಂತ್ರ ಕೊಟ್ಟ ಕಂಪನಿಯು ರಾಜ್ಯದ ಪರವಾನಗಿ ಇಲಾಖೆಗೆ ಪ್ರಮಾಣೀಕರಿಸಿ ಬರೆಯಬೇಕು. 0.04 ಅಥವಾ ಅದಕ್ಕಿಂತ ಹೆಚ್ಚಿನ ಉಸಿರಿನಲ್ಲಿ ಕಾರು ಸ್ಟಾರ್ಟ್ ಮಾಡಲು ಯತ್ನಿಸಿದರೆ, ಓಡುವಾಗ ಕೇಳಿದ ಪರೀಕ್ಷೆಯನ್ನು ತಪ್ಪಿಸಿದರೆ ಅಥವಾ ಅದರಲ್ಲಿ ಸೋತರೆ, ಸರ್ವಿಸಿನ ದಿನಕ್ಕೆ ಹೋಗದಿದ್ದರೆ, ಅಧಿಕೃತ ತಂತ್ರಜ್ಞರಲ್ಲದವರು ಯಂತ್ರವನ್ನು ಕಳಚಿದರೆ, ಆ 180 ದಿನಗಳ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಹನ್ನೊಂದನೆಯ ತಿಂಗಳಿನಲ್ಲಿ ಒಂದು ತಪ್ಪಾದರೂ ಇನ್ನು ಆರು ತಿಂಗಳು ಕಾಯಲೇಬೇಕು.

ನನ್ನ ತಪ್ಪು 2024ರ ಫೆಬ್ರುವರಿಯಲ್ಲಿ ಆಯಿತು, ಅದೂ ಒಂದು ಹನಿ ಮದ್ಯವನ್ನು ಮುಟ್ಟದೆ. ಊರಿನಿಂದ ಬಂದಿದ್ದ ಅಮ್ಮ, ನನ್ನ ಕೆಮ್ಮು ಬಿಡುತ್ತಿಲ್ಲವೆಂದು ತಾವು ತಂದಿದ್ದ ದಶಮೂಲಾರಿಷ್ಟವನ್ನು ಬೆಳಿಗ್ಗೆ ಎರಡು ಚಮಚ ಕುಡಿಸಿದರು. ನಮ್ಮ ಮನೆಗಳಲ್ಲಿ ಅದು ಔಷಧ, ಬಾಣಂತಿಯರಿಗೂ ಕೊಡುತ್ತೇವೆ. ಆದರೆ ಆಸವ, ಅರಿಷ್ಟಗಳೆಲ್ಲ ಹುದುಗಿಸಿ ಮಾಡಿದವು. ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯ ಸಾಮಾನ್ಯವಾಗಿ ಶೇಕಡಾ 5ರಿಂದ 10ರಷ್ಟು ಇರುತ್ತದೆ, ಸೀಸೆಯ ಮೇಲಿನ ಚೀಟಿಯಲ್ಲಿಯೂ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಕುಡಿದ ಎರಡೇ ನಿಮಿಷಕ್ಕೆ ಊದಿದೆ. ಬಾಯಿಯಲ್ಲಿ ಉಳಿದಿದ್ದ ಅಂಶವನ್ನೇ ಯಂತ್ರ ಹಿಡಿದು 0.06 ಎಂದು ತೋರಿಸಿ ಕಾರನ್ನು ತಡೆಯಿತು.

ಇಲ್ಲಿ ಒಂದು ಕ್ಷಣ ನಿಂತು ಹೇಳಬೇಕಾದ ಮಾತಿದೆ, ಏಕೆಂದರೆ ಇದನ್ನು ಮೊದಲೇ ತಿಳಿದಿದ್ದರೆ ನನ್ನ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಸ್ಟಾರ್ಟ್ ಮಾಡುವಾಗ ಸೋತ ಪರೀಕ್ಷೆಯ ಹಿಂದೆಯೇ, ಹತ್ತು ನಿಮಿಷಗಳ ಒಳಗೆ ಅದೇ ವ್ಯಕ್ತಿ ಮತ್ತೊಮ್ಮೆ ಊದಿ 0.04ಕ್ಕಿಂತ ಕಡಿಮೆ ಬಂದರೆ, ಮತ್ತು ಎರಡೂ ಸಲ ಊದಿದ್ದು ಒಬ್ಬರೇ ಎಂದು ಚಿತ್ರದಿಂದ ಖಚಿತವಾದರೆ, ಕಾನೂನು ಅದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ನೀರಿನಿಂದ ಚೆನ್ನಾಗಿ ಬಾಯಿ ಮುಕ್ಕಳಿಸಿ, ಕಾರಿನ ಹತ್ತಿರವೇ ನಿಂತಿದ್ದು, ಯಂತ್ರ ಮತ್ತೆ ಅವಕಾಶ ಕೊಟ್ಟ ಕೂಡಲೇ ಊದಬೇಕಿತ್ತು. ನಾನು ಗಾಬರಿಯಾಗಿ ಮನೆಯೊಳಗೆ ಹೋಗಿ, ಅರ್ಧ ಗಂಟೆ ಬಿಟ್ಟು ಬಂದು ಊದಿದೆ. ಆಗ ಸೊನ್ನೆ ಬಂತು, ಕಾರು ಹೊರಟಿತು, ಎಲ್ಲವೂ ಸರಿಹೋಯಿತೆಂದುಕೊಂಡೆ. ಮೌತ್‌ವಾಶ್, ಸ್ಯಾನಿಟೈಸರ್, ಹೋಮಿಯೋಪತಿಯ ದ್ರವ ಔಷಧಗಳಿಂದಲೂ ಇದೇ ಆಗುತ್ತದೆ. ಮುಂದಿನ ಸರ್ವಿಸಿನಲ್ಲಿ ಅಲ್ಲಿಯ ಹುಡುಗ, ಒಂದು ಫೇಲ್ ದಾಖಲಾಗಿದೆಯೆಂದು ಹೇಳಿದ್ದು ನಿಜ. ಅದರಿಂದ ನನ್ನ ಬಿಡುಗಡೆಯ ದಿನ ಜೂನಿನಿಂದ ಆಗಸ್ಟಿಗೆ ಹೋಗಿತ್ತು, ಆದರೆ ಮುಂದಕ್ಕೆ ಹೋಯಿತೇ ಎಂದು ನಾನು ಕೇಳಲೇ ಇಲ್ಲ.

ಏಪ್ರಿಲ್ ಕೊನೆಗೆ ಕಾರಿನ ಲೀಸ್ ಮುಗಿಯುವುದಿತ್ತು. ಹೊಸ ಕಾರಿಗೆ ಮತ್ತೆ ಯಂತ್ರ ಕೂಡಿಸಿ, ಅದರ ಖರ್ಚನ್ನೂ ತೆತ್ತು, ಎರಡೇ ತಿಂಗಳಿಗೆ ಬಿಚ್ಚಿಸುವುದೇಕೆ ಎಂದು ಲೆಕ್ಕ ಹಾಕಿದೆ. ಪರಿಚಯದವರೊಬ್ಬರು, ಇಂಥ ಕಾಗದಪತ್ರಗಳನ್ನು ಮಾಡಿಸಿಕೊಡುವವರೆಂದು ಒಬ್ಬ ಸಲಹೆಗಾರರ ನಂಬರ್ ಕೊಟ್ಟರು. ಆತ ವಕೀಲರಲ್ಲ. ಎಂಟುನೂರು ಡಾಲರ್ ತೆಗೆದುಕೊಂಡು, ನ್ಯಾಯಾಲಯದಿಂದಲೇ ಇಂಟರ್‌ಲಾಕ್ ತೆಗೆಸುವ ಆದೇಶ ತರಿಸಿಕೊಡುವುದಾಗಿ ಹೇಳಿ, ನನ್ನ ಹೆಸರಿನಲ್ಲಿ ನಾನೇ ಸಲ್ಲಿಸುವಂತೆ ಅರ್ಜಿ ಬರೆದುಕೊಟ್ಟರು. ಹೇಳಿದಂತೆಯೇ ಆದೇಶವೂ ಬಂತು. ನನ್ನ ಪ್ರೊಬೇಷನ್ನಿನ (ನ್ಯಾಯಾಲಯದ ಷರತ್ತುಗಳಿಗೆ ಒಳಪಟ್ಟು ಹೊರಗಿರುವ ಅವಧಿಯ) ಷರತ್ತುಗಳಲ್ಲಿದ್ದ ಇಂಟರ್‌ಲಾಕ್ ಷರತ್ತನ್ನು ನ್ಯಾಯಾಧೀಶರು ಕೈಬಿಟ್ಟಿದ್ದರು. ಆ ಹಾಳೆಯನ್ನು ಕೈಯಲ್ಲಿ ಹಿಡಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮೋಸ ಅಡಗಿದ್ದದ್ದು ಅಲ್ಲಿಯೇ. ನ್ಯಾಯಾಲಯವು ಪ್ರೊಬೇಷನ್ನಿನ ಭಾಗವಾಗಿ ಹಾಕುವ ಷರತ್ತು ಒಂದು, ಕಾನೂನಿನ ಬಲದಿಂದ ಪರವಾನಗಿ ಇಲಾಖೆ ನಮ್ಮ ಲೈಸೆನ್ಸಿನ ಮೇಲೆ ಹಾಕುವ ನಿರ್ಬಂಧ ಇನ್ನೊಂದು. ಅವು ಒಂದೇ ಅಪರಾಧದಿಂದ ಹುಟ್ಟಿದರೂ ಬೇರೆ ಬೇರೆ. ಮೊದಲನೆಯದನ್ನು ನ್ಯಾಯಾಧೀಶರು ಸಡಿಲಿಸಿದರೂ ಎರಡನೆಯದು ಇದ್ದಲ್ಲೇ ಇರುತ್ತದೆ. ಆ ಆದೇಶದಲ್ಲಿ ಇಲಾಖೆಯ ಹೆಸರೇ ಇರಲಿಲ್ಲವೆಂಬುದನ್ನು ನಾನು ಗಮನಿಸಿದ್ದು ಎಲ್ಲ ಕೆಟ್ಟ ಮೇಲೆ. ಯಂತ್ರ ಕೂಡಿಸಿದ್ದ ಕೇಂದ್ರದವರೂ ಆ ಕಾಗದವನ್ನು ನೋಡಿ, ಗ್ರಾಹಕರ ಕೋರಿಕೆಯ ಮೇರೆಗೆ ತೆಗೆಯುತ್ತಿದ್ದೇವೆ ಎಂಬ ಹಾಳೆಗೆ ನನ್ನ ಸಹಿ ಹಾಕಿಸಿಕೊಂಡು, ಮುಕ್ಕಾಲು ಗಂಟೆಯಲ್ಲಿ ಬಿಚ್ಚಿಕೊಟ್ಟರು. ಆ ಸಾಲಿನ ಅರ್ಥವನ್ನು ಅವರು ಬಿಡಿಸಿ ಹೇಳಬೇಕಿತ್ತೆಂದು ಈಗಲೂ ಅನ್ನಿಸುತ್ತದೆ. ಆದರೆ ಸಹಿ ಹಾಕಿದ ಕೈ ನನ್ನದು.

ಯಂತ್ರ ಕಳಚಿದ ಸುದ್ದಿ ಕೇಂದ್ರದಿಂದ ಇಲಾಖೆಗೆ ಹೋಯಿತು. ನಿರ್ಬಂಧವಿರುವಾಗಲೇ ಯಂತ್ರವಿಲ್ಲವಾದ್ದರಿಂದ ಇಲಾಖೆ ನನ್ನ ಲೈಸೆನ್ಸನ್ನು ಅಮಾನತು ಮಾಡುವುದಾಗಿ ಅಂಚೆಯಲ್ಲಿ ತಿಳಿಸಿತು. ಅದೇ ತಿಂಗಳು ನಾವು ಮನೆ ಬದಲಿಸಿದ್ದೆವು. ಇಲಾಖೆಯಲ್ಲಿ ಹಳೆಯ ವಿಳಾಸವೇ ಉಳಿದಿತ್ತು. ಹೊಸ ಕಾರಿನಲ್ಲಿ, ಏನೂ ಅರಿಯದೆ, ಹತ್ತಿರಹತ್ತಿರ ಹತ್ತು ವಾರ ಓಡಾಡಿದೆ. ಜುಲೈಯಲ್ಲಿ 405 ಹೆದ್ದಾರಿಯಿಂದ ಇಳಿಯುವಾಗ, ಲೇನ್ ಬದಲಿಸಲು ಸೂಚನಾದೀಪ ಹಾಕಲಿಲ್ಲವೆಂದು ಪೊಲೀಸ್ ಅಧಿಕಾರಿ ನಿಲ್ಲಿಸಿದರು. ಅವರ ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಮುಂದೆ ಎರಡು ಸಂಗತಿಗಳು ಇದ್ದವು: ಲೈಸೆನ್ಸ್ ಅಮಾನತಾಗಿದೆ, ಇಂಟರ್‌ಲಾಕ್ ಕಡ್ಡಾಯವಿದೆ. ನ್ಯಾಯಾಲಯದ ಆದೇಶವನ್ನು ಕಾರಿನ ಮುಂದಿನ ಖಾನೆಯಿಂದ ತೆಗೆದು ತೋರಿಸಿದೆ. ಅವರು ಅದನ್ನು ಪೂರ್ತಿ ಓದಿ, ಇದು ಇಲಾಖೆಯದ್ದಲ್ಲ ಎಂದು ಹಿಂದಿರುಗಿಸಿದರು. ಹಿಂದಿನ ಸೀಟಿನಲ್ಲಿ ಮಗಳಿದ್ದಳು.

ಇಂಟರ್‌ಲಾಕ್ ಕಡ್ಡಾಯವಿರುವಾಗ ಅದಿಲ್ಲದ ಕಾರು ಓಡಿಸುವುದು ಇಲ್ಲಿ ಸಣ್ಣ ದಂಡದ ವಿಷಯವಲ್ಲ. ಅದು ಗ್ರಾಸ್ ಮಿಸ್‌ಡಿಮೀನರ್ ಎಂಬ ದರ್ಜೆಯ ಅಪರಾಧ; 364 ದಿನಗಳವರೆಗಿನ ಜೈಲು ಮತ್ತು 5,000 ಡಾಲರಿನವರೆಗಿನ ದಂಡಕ್ಕೆ ಅದರಲ್ಲಿ ಅವಕಾಶವಿದೆ. ಯಂತ್ರವನ್ನು ವಂಚಿಸಲು ಯತ್ನಿಸುವುದೂ, ಅಂಥವರಿಗಾಗಿ ಬೇರೆಯವರು ಊದಿಕೊಡುವುದೂ ಅಪರಾಧವೇ. ಹೆಂಡತಿಯಿಂದಲೋ ಗೆಳೆಯರಿಂದಲೋ ಊದಿಸುವ ಯೋಚನೆ ಯಾರಿಗಾದರೂ ಬಂದಿದ್ದರೆ ದಯವಿಟ್ಟು ಇಲ್ಲಿಯೇ ಬಿಟ್ಟುಬಿಡಿ, ಅವರನ್ನೂ ಮುಳುಗಿಸುತ್ತೀರಿ. ನಾನು ಜೈಲಿಗೆ ಹೋಗಲಿಲ್ಲ. ಆದರೆ ದಂಡ, ವಕೀಲರ ಶುಲ್ಕ, ಏರಿದ ವಿಮೆ ಎಲ್ಲ ಸೇರಿ, ಉಳಿಸಲು ಹೊರಟ ಹಣದ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಕೈಬಿಟ್ಟಿತು. ಆಗಸ್ಟಿನಲ್ಲಿ ಹೊಸ ಕಾರಿಗೆ ಮತ್ತೆ ಯಂತ್ರ ಬಂತು. ಯಂತ್ರವಿಲ್ಲದೆ ಕಳೆದ ವಾರಗಳು ಲೆಕ್ಕಕ್ಕೆ ಬರಲಿಲ್ಲ, 180 ದಿನಗಳ ಎಣಿಕೆ ಸೊನ್ನೆಯಿಂದ ಶುರುವಾಯಿತು.

ನಮ್ಮವರೇ ಈ ಬಲೆಗೆ ಹೆಚ್ಚು ಬೀಳಲು ಒಂದು ಕಾರಣವಿದೆಯೆಂದು ನನ್ನ ಅನಿಸಿಕೆ. ಬೆಂಗಳೂರಿನಲ್ಲಿ ಕುಡಿದು ಓಡಿಸಿ ಸಿಕ್ಕರೆ ಮಿತಿ ಇನ್ನೂ ಕಡಿಮೆ, 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಇಲ್ಲಿಯ ಲೆಕ್ಕದಲ್ಲಿ 0.03. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 10,000 ರೂಪಾಯಿ ದಂಡವೋ, ಆರು ತಿಂಗಳವರೆಗಿನ ಸೆರೆಯೋ, ಎರಡೂ ಸೇರಿಯೋ ವಿಧಿಸಬಹುದು. ಆದರೂ ಅಲ್ಲಿ ನಾವು ಕಂಡಿರುವುದು, ನ್ಯಾಯಾಲಯಕ್ಕೆ ಹೋಗಿ ದಂಡ ಕಟ್ಟಿ ಗಾಡಿ ಬಿಡಿಸಿಕೊಂಡರೆ ವಿಷಯ ಮುಗಿಯಿತೆಂಬುದನ್ನು. ನ್ಯಾಯಾಧೀಶರ ಮಾತೇ ಕೊನೆಯ ಮಾತು ಎಂಬ ಆ ತಿಳಿವಳಿಕೆಯನ್ನೇ ನಾನು ಇಲ್ಲಿಗೂ ಹೊತ್ತು ತಂದಿದ್ದೆ.

ವೀಸಾದಲ್ಲಿರುವವರು ಇನ್ನೂ ಜಾಗರೂಕರಾಗಿರಬೇಕು. 2015ರ ನವೆಂಬರಿನಿಂದ ಅಮೆರಿಕದ ವಿದೇಶಾಂಗ ಇಲಾಖೆಯು ಕುಡಿದು ಓಡಿಸಿ ಬಂಧನಕ್ಕೊಳಗಾದವರ ವೀಸಾವನ್ನು, ತೀರ್ಪಿಗೂ ಕಾಯದೆ, ರದ್ದುಮಾಡುತ್ತ ಬಂದಿದೆ. ನನ್ನ ಎಚ್-1ಬಿ ವೀಸಾ ಕೂಡ ಹಾಗೆಯೇ ಹೋಯಿತು. ಇಲ್ಲಿ ಕೆಲಸ ಮಾಡಿಕೊಂಡಿರಲು ಅದರಿಂದ ಅಡ್ಡಿಯಾಗಲಿಲ್ಲ, ಆದರೆ ಊರಿಗೆ ಹೋದರೆ ಹೊಸ ವೀಸಾ ಪಡೆದೇ ಮರಳಬೇಕು, ಅದಕ್ಕೆ ವೈದ್ಯಕೀಯ ತಪಾಸಣೆಯೂ ಆಗಬೇಕು. ಅಂಥ ಸ್ಥಿತಿಯಲ್ಲಿ ಎರಡು ಹೊಸ ಆರೋಪಗಳು ದಾಖಲೆಗೆ ಸೇರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನ ವೈಕುಂಠ ಸಮಾರಾಧನೆಗೆ ನಾನು ಹೋಗಲಾಗಲಿಲ್ಲ.

ಈಗ ಯಂತ್ರ ಹಾಕಿಸಿಕೊಂಡಿರುವವರಲ್ಲಿ ನನ್ನ ಬೇಡಿಕೆ ಇಷ್ಟು. ನಿಮ್ಮ ಬಿಡುಗಡೆಯ ದಿನಾಂಕ ಯಾವುದೆಂದು ಪರವಾನಗಿ ಇಲಾಖೆಯನ್ನೇ ಕೇಳಿ. ಸರ್ವಿಸ್ ಕೇಂದ್ರದವರ ಊಹೆಯನ್ನಾಗಲಿ, ನಿಮ್ಮ ಕ್ಯಾಲೆಂಡರನ್ನಾಗಲಿ ನಂಬಬೇಡಿ. ಪ್ರತಿ ಸರ್ವಿಸಿನಲ್ಲಿಯೂ ದಾಖಲೆಯ ಪ್ರತಿ ಕೇಳಿ ಪಡೆದು, ಒಂದು ಫೇಲ್ ಕಂಡರೂ ಆ ವಾರವೇ ನಿಮ್ಮ ವಕೀಲರಿಗೆ ತೋರಿಸಿ. ಮನೆ ಬದಲಿಸಿದರೆ ಇಲಾಖೆಯಲ್ಲಿ ವಿಳಾಸ ಬದಲಿಸುವುದು ಮೊದಲ ಕೆಲಸವಾಗಲಿ. ಕಾರು ಬದಲಿಸುವುದಾದರೆ ಯಂತ್ರವೂ ಹೊಸ ಕಾರಿಗೆ ಹೋಗಬೇಕು, ನಡುವೆ ಒಂದು ದಿನವೂ ಯಂತ್ರವಿಲ್ಲದೆ ಓಡಿಸಬೇಡಿ. ಬೇಗ ತೆಗೆಸಿಕೊಡುತ್ತೇವೆಂದು ಹಣ ಕೇಳುವವರು ಯಾರೇ ಆಗಿರಲಿ, ಕನ್ನಡದಲ್ಲಿಯೇ ಮಾತನಾಡಲಿ, ನಿಮ್ಮ ಊರಿನವರೇ ಆಗಿರಲಿ, ಇಲಾಖೆಯ ಬಿಡುಗಡೆ ಪತ್ರ ನಿಮ್ಮ ಕೈಗೆ ಬರುವವರೆಗೆ ಅವರ ಮಾತಿಗೆ ಬೆಲೆಯಿಲ್ಲ.

ನನಗೆ ಆ ಪತ್ರ 2025ರ ಮಾರ್ಚಿನಲ್ಲಿ ಬಂತು. ಒಂದೇ ಪುಟ, ನಾಲ್ಕೈದು ಸಾಲು. ಅದನ್ನು ತೋರಿಸಿದ ಮೇಲೆಯೇ ಈ ಸಲ ಯಂತ್ರ ಬಿಚ್ಚಿಸಿಕೊಂಡೆ, ಮತ್ತು ಅದರ ಒಂದು ಪ್ರತಿ ಇಂದಿಗೂ ಕಾರಿನಲ್ಲಿದೆ. ಆ ಸಲಹೆಗಾರರು ಆ ಜುಲೈಯ ನಂತರ ಒಮ್ಮೆಯೂ ನನ್ನ ಫೋನ್ ಎತ್ತಲಿಲ್ಲ.