ಸ್ನೂಕರ್ ಬಾಜಿ: ಚಿಕ್ಕ ಪಂದ್ಯವೋ, ದೀರ್ಘ ಪಂದ್ಯವೋ?

ಸ್ನೂಕರ್ ಪಂದ್ಯದ ಪ್ರತಿ ಫ್ರೇಮನ್ನೂ (ಪಂದ್ಯದೊಳಗಿನ ಒಂದೊಂದು ಆಟವನ್ನೂ) ಗೆಲ್ಲುವ ಸಾಧ್ಯತೆ ಶೇಕಡಾ 55ರಷ್ಟಿರುವ ಆಟಗಾರನೊಬ್ಬನನ್ನು ಊಹಿಸಿಕೊಳ್ಳಿ. ಮೊದಲು 4 ಫ್ರೇಮ್ ಗೆದ್ದವರೇ ವಿಜಯಿಯಾಗುವ ಚಿಕ್ಕ ಪಂದ್ಯದಲ್ಲಿ ಅವನ ಗೆಲುವಿನ ಸಾಧ್ಯತೆ ಸುಮಾರು ಶೇಕಡಾ 61. ಇಂಗ್ಲೆಂಡಿನ ಶೆಫೀಲ್ಡಿನ ಕ್ರೂಸಿಬಲ್ ರಂಗಮಂದಿರದಲ್ಲಿ ನಡೆಯುವ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಂತೆ 18 ಫ್ರೇಮ್ ಗೆಲ್ಲಬೇಕಾದಲ್ಲಿ ಅದು ಸುಮಾರು ಶೇಕಡಾ 72ಕ್ಕೆ ಏರುತ್ತದೆ. 1.50ರ ದರದಲ್ಲಿ (ಗೆದ್ದರೆ ಹೂಡಿದ ಪ್ರತಿ ರೂಪಾಯಿಗೆ ಮೂಲ ಹಣ ಸೇರಿ ಒಂದೂವರೆ ರೂಪಾಯಿ) ನಷ್ಟವಾಗದಿರಲು ಶೇಕಡಾ 67ರಷ್ಟು ಸಾಧ್ಯತೆ ಬೇಕಾಗುವುದರಿಂದ, ಅದೇ ಆಟಗಾರನ ಮೇಲೆ ಅದೇ ದರದಲ್ಲಿ ಹಣ ಹೂಡುವುದು ದೀರ್ಘ ಪಂದ್ಯದಲ್ಲಿ ಸಮಂಜಸ, ಚಿಕ್ಕದರಲ್ಲಿ ಅವಿವೇಕ. ಹತ್ತು ನಿಮಿಷದ ಒಂದೇ ಫ್ರೇಮಿನ ಪಂದ್ಯಗಳ ‘ಶೂಟ್ ಔಟ್’ ಪಂದ್ಯಾವಳಿಯಲ್ಲಂತೂ ಬಲಿಷ್ಠ ಆಟಗಾರನ ಮೇಲೆ ಕಡಿಮೆ ದರಕ್ಕೆ ಬಾಜಿ ಕಟ್ಟುವುದನ್ನು ನಾನು ಒಪ್ಪಲಾರೆ.

ಆದರೆ ದೀರ್ಘ ಪಂದ್ಯದಲ್ಲಿ ಆಟ ನಡೆಯುತ್ತಿರುವಾಗ ಆತುರದಿಂದ ಬಾಜಿ ಕಟ್ಟುವುದು ಅಪಾಯಕರ: 1985ರ ಫೈನಲ್‌ನಲ್ಲಿ ಸ್ಟೀವ್ ಡೇವಿಸ್ 8–0 ಮುಂದಿದ್ದರೂ, ಡೆನ್ನಿಸ್ ಟೇಲರ್ ಕೊನೆಯ ಫ್ರೇಮಿನ ಕೊನೆಯ ಕಪ್ಪು ಚೆಂಡಿನಲ್ಲಿ 18–17ರಿಂದ ಗೆದ್ದರು.

ವಿಜೇತನ ಬದಲು ಫ್ರೇಮ್ ಅಂತರದ ಮೇಲೆ ಹಣ ಹೂಡಿದರೆ ದರ ಹೆಚ್ಚು ಸಿಗುತ್ತದೆ, ನಿಜ. ಆದರೆ 10 ಫ್ರೇಮ್ ಗೆಲ್ಲಬೇಕಾದ ಪಂದ್ಯದಲ್ಲಿ ನಿಮ್ಮವನಿಗೆ 3.5 ಫ್ರೇಮ್‌ಗಳ ಹ್ಯಾಂಡಿಕ್ಯಾಪ್ ಇದ್ದು (ಅಂದರೆ ಅವನು ಕನಿಷ್ಠ 4 ಫ್ರೇಮ್‌ಗಳ ಅಂತರದಿಂದ ಗೆದ್ದರೆ ಮಾತ್ರ ಬಾಜಿ ನಿಮ್ಮದು), 9–6ರಲ್ಲಿ ಮುಂದಿರುವಾಗ ಸುಲಭದ ಕೆಂಪು ಚೆಂಡೊಂದನ್ನು ತಪ್ಪಿಸಿ, ಆ ಫ್ರೇಮನ್ನು ಕಳೆದುಕೊಂಡು 10–7ರಲ್ಲಿ ಗೆದ್ದರೆ, ಪಂದ್ಯ ಅವನದಾಗುತ್ತದೆ, ನಿಮ್ಮ ಹಣ ಹೋಗುತ್ತದೆ. ಆದ್ದರಿಂದ ಹೊಸಬರಿಗೆ, ಕಳೆದುಕೊಂಡರೂ ತೊಂದರೆಯಾಗದಷ್ಟೇ ಮೊತ್ತದಲ್ಲಿ, ದೀರ್ಘ ಪಂದ್ಯದ ವಿಜೇತನ ಮೇಲಿನ ಬಾಜಿಯನ್ನೇ ನಾನು ಸೂಚಿಸುತ್ತೇನೆ.